ನಕ್ಷೆ, ಕಡತ, ಕೊಳಗ: ಊರಿನ ಚರಿತ್ರೆ ಬರೆಯುವವರ ಪ್ರಶ್ನೆಗಳು

ಹಳೆ ಮೈಸೂರು ಭಾಗದ ಒಕ್ಕಲು ಊರುಗಳ ಚರಿತ್ರೆ ಬರೆಯಲು ಹೊರಟ ಓದುಗರ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಮುಂಬಯಿ ಪ್ರಾಂತ್ಯಕ್ಕೆ, ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಊರುಗಳ ಮತ್ತು ಕರಾವಳಿಯ ದಾಖಲೆಗಳ ಜಾಡು ಬೇರೆ. ಅಲ್ಲಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ನಮ್ಮೂರ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಗೆ ಊರಿನ ಚರಿತ್ರೆ ಬರೆದುಕೊಡಿ ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಹಿರಿಯರನ್ನು ಕೇಳಿದರೆ ಪಾಳೇಗಾರರ ಕಥೆ ಬಿಟ್ಟು ಬೇರೇನೂ ಹೇಳುವುದಿಲ್ಲ. ಎಲ್ಲಿಂದ ಶುರು ಮಾಡಲಿ?
(ತುಮಕೂರು ಜಿಲ್ಲೆಯ ಓದುಗರು)

ಉತ್ತರ: ಪಾಳೇಗಾರರು ಕೊನೆಗೆ ಬರಲಿ. ಮೊದಲು ಗ್ರಾಮ ನಕ್ಷೆ ತರಿಸಿ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿಕೊಂಡು ಇಳಿಸಿಕೊಳ್ಳಬಹುದು. ಅಲ್ಲಿ ಸಿಗದಿದ್ದರೆ ತಾಲ್ಲೂಕಿನ ಭೂಮಾಪನ ಕಚೇರಿಗೆ ಅರ್ಜಿ ಕೊಡಿ. ನಕ್ಷೆಯ ಅಳತೆ ಒಂದು ಇಂಚಿಗೆ 660 ಅಡಿ, ಅಂದರೆ ಎಂಟು ಇಂಚಿಗೆ ಒಂದು ಮೈಲಿ. ಸೈಬರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವಾಗ ಪುಟಕ್ಕೆ ಹೊಂದುವಂತೆ ಕುಗ್ಗಿಸಿಬಿಡುತ್ತಾರೆ. ಆಮೇಲೆ ಸ್ಕೇಲು ಇಟ್ಟು ಅಳೆದರೆ ಕೆರೆ ಏರಿ ಅರ್ಧವಾಗಿರುತ್ತದೆ. ನಿಮಗೆ ಉದ್ದ ಗೊತ್ತಿರುವ ಒಂದು ಜಾಗವನ್ನು ನಕ್ಷೆಯಲ್ಲಿ ಅಳೆದು ನೋಡಿ, ಪ್ರಿಂಟು ಸರಿ ಇದೆಯೆಂದು ಖಾತ್ರಿಯಾದ ಮೇಲೆ ಮುಂದುವರಿಯಿರಿ.

ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಮಾದರಿಯ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಚಿತ್ರದುರ್ಗದ ಕಡೆಯಿಂದ. ಆಗ ಹೊಲ ಅಳೆದದ್ದು 33 ಅಡಿಯ ಸರಪಳಿಯಲ್ಲಿ. ಸರಪಳಿಗೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಎಕರೆ. ಒಂದೊಂದು ಸರ್ವೆ ನಂಬರಿಗೂ ಆಗ ಬರೆದಿಟ್ಟ ಅಳತೆಯ ಚಿತ್ರವೇ ಟಿಪ್ಪಣಿ. ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ನೆಲ), ಕಂದಾಯ ಬರೆದದ್ದು ಆಕಾರ್‌ಬಂದ್. ನಕ್ಷೆಯ ಜೊತೆಗೆ ಇಡೀ ಊರಿನ ಆಕಾರ್‌ಬಂದ್ ನಕಲು ಕೈಗೆ ಬಂದರೆ ಅರ್ಧ ಚರಿತ್ರೆ ಬಂದ ಹಾಗೆ.

ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಬಣ್ಣ ತುಂಬಿ: ತರಿಗೆ (ನೀರಾವರಿ ಗದ್ದೆ) ನೀಲಿ, ಬಾಗಾಯ್ತಿಗೆ (ತೋಟ) ಹಸಿರು, ಖುಷ್ಕಿಗೆ (ಮಳೆ ನಂಬಿದ ಹೊಲ) ಹಳದಿ, ಗೋಮಾಳ ಮತ್ತು ಖರಾಬಿಗೆ ಬೂದಿ. ನೀಲಿಯೆಲ್ಲ ಕೆರೆಯ ತೂಬಿನ ಕೆಳಗೆ ಹರಡಿಕೊಳ್ಳುತ್ತದೆ. ಹಾಗಲ್ಲದೆ ದೂರದಲ್ಲೆಲ್ಲೋ ಒಂದು ನೀಲಿ ತುಂಡು ಕಂಡರೆ ಅಲ್ಲೊಂದು ಕಟ್ಟೆಯೋ ಸಣ್ಣ ಕೆರೆಯೋ ಇದ್ದು ಈಗ ಹೂತುಹೋಗಿರಬಹುದು. ಹೋಗಿ ನೋಡಿ. ಊರಿನ ಕೊನೆಯ ಸರ್ವೆ ನಂಬರುಗಳ ಮೇಲೂ ಕಣ್ಣಿರಲಿ. ಗೋಮಾಳದಲ್ಲಿ ಮಂಜೂರಾದ ಜಮೀನನ್ನು ಅಳೆದು ಬೇರ್ಪಡಿಸಿ ದುರಸ್ತಿ ಮಾಡಿದಾಗ ಹೊಸ ನಂಬರನ್ನು ಕೊನೆಯ ನಂಬರಿನ ಮುಂದಕ್ಕೇ ಕೊಡುತ್ತಾ ಬಂದಿದ್ದಾರೆ. ಆ ನಂಬರುಗಳು ನಕ್ಷೆಯ ಯಾವ ಮೂಲೆಯಲ್ಲಿ ಗುಂಪಾಗಿವೆಯೋ ಆ ಮೂಲೆ ಒಂದು ಕಾಲಕ್ಕೆ ದನ ಮೇಯುವ ಮಾಳ. ನೂರು ದನಕ್ಕೆ 30 ಎಕರೆ ಗೋಮಾಳ ಎಂಬುದು ಕಂದಾಯ ನಿಯಮ. ನಿಮ್ಮೂರಲ್ಲಿ ಇದ್ದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವೇ ಸ್ಮರಣ ಸಂಚಿಕೆಯ ಎರಡು ಪುಟ ತುಂಬುತ್ತದೆ.

ಎಲ್ಲರೂ ಎಡವುವುದು ಕೂಡುವ ಲೆಕ್ಕದಲ್ಲಿ. ದಾಖಲೆಯಲ್ಲಿ 2.30 ಎಂದಿದ್ದರೆ ಅದು ಎರಡು ಎಕರೆ ಮೂವತ್ತು ಗುಂಟೆ, ದಶಮಾಂಶವಲ್ಲ. 2.30ಕ್ಕೆ 1.20 ಕೂಡಿದರೆ 4.10 ಬರಬೇಕು, 3.50 ಅಲ್ಲ. ಎಕ್ಸೆಲ್‌ನಲ್ಲಿ ನೇರವಾಗಿ ಹಾಕಿದರೆ ಇಡೀ ಊರು ತಪ್ಪಾಗುತ್ತದೆ. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ, ಗುಂಟೆಯ ಮೊತ್ತವನ್ನು 40ರಿಂದ ಭಾಗಿಸಿ ಎಕರೆಗೆ ಸೇರಿಸಿ. ಪಹಣಿಯ ಮೊತ್ತ, ಆಕಾರ್‌ಬಂದ್ ಮೊತ್ತ ತಾಳೆಯಾಗದಿದ್ದರೆ ಗಾಬರಿ ಬೇಡ. ಬಹಳ ಸಲ ಒಂದರಲ್ಲಿ ಖರಾಬು ಸೇರಿರುತ್ತದೆ, ಇನ್ನೊಂದರಲ್ಲಿ ಕಳೆದಿರುತ್ತದೆ.

ಇಷ್ಟಾದ ಮೇಲೆ ನಕ್ಷೆ ಹಿಡಿದು ಹಿರಿಯರ ಹತ್ತಿರ ಕೂತುಕೊಳ್ಳಿ. 'ಊರಿನ ಇತಿಹಾಸ ಹೇಳಿ' ಎನ್ನಬೇಡಿ. 'ಈ ಹೊಲಕ್ಕೆ ಏನಂತ ಕರೀತೀರಿ?' ಎಂದು ನಂಬರು ನಂಬರಾಗಿ ಕೇಳಿ. ಗಾಣದ ಹೊಲ, ಉಪ್ಪಿನ ಮೋಳೆ, ಆಲೆಮನೆ ಗದ್ದೆ, ಹಳೇ ತೂಬಿನ ಪಾಲು ಎಂದು ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಈಗ ಗಾಣವಿಲ್ಲ, ಮಣ್ಣಿನಿಂದ ಉಪ್ಪು ತೆಗೆಯುವವರೂ ಇಲ್ಲ. ಹೊಲದ ಹೆಸರು ಮಾತ್ರ ಹಾಗೇ ಇದೆ. ಅದನ್ನು ದಾಖಲೆಗಿಂತ ಮೊದಲು ಬರೆದುಕೊಳ್ಳಿ, ಅದಕ್ಕೆ ನಕಲು ಪ್ರತಿ ಯಾವ ಕಚೇರಿಯಲ್ಲೂ ಇಲ್ಲ.

ಪ್ರಶ್ನೆ: ಕೆರೆ ಏರಿಯ ಮೇಲೆ ಅಕ್ಷರವಿರುವ ಕಲ್ಲೊಂದಿದೆ. ಅಕ್ಷರ ಸವೆದಿದೆ. ಸುಣ್ಣ ಬಳಿದರೆ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ಓದಿಸುವುದು ಹೇಗೆ?
(ಮಂಡ್ಯ ಜಿಲ್ಲೆಯ ಓದುಗರು)

ಉತ್ತರ: ಸುಣ್ಣ, ಬಣ್ಣ, ಎಣ್ಣೆ, ಅರಿಸಿನ ಯಾವುದೂ ಬೇಡ. ಸುಣ್ಣ ಸವೆದ ಗೀರಿನೊಳಗೆ ಕೂತುಬಿಟ್ಟರೆ ಮುಂದೆ ಪಡಿಯಚ್ಚು (ಕಾಗದದ ಮೇಲೆ ಅಕ್ಷರದ ಅಚ್ಚು) ತೆಗೆಯುವವರಿಗೆ ಅಕ್ಷರವೇ ಸಿಗುವುದಿಲ್ಲ. ತಂತಿ ಬ್ರಷ್ಷು, ಆ್ಯಸಿಡ್ಡು ಇನ್ನೂ ಕೆಟ್ಟವು. ಬರೀ ನೀರು, ಮೆತ್ತನೆಯ ಬ್ರಷ್ಷು ಸಾಕು. ಹಾವಸೆ ಒಂದೇ ಸಲಕ್ಕೆ ಬಿಡದಿದ್ದರೆ ನೆನೆಯಲು ಬಿಟ್ಟು ಮತ್ತೆ ಉಜ್ಜಿ. ಬೆಳಗ್ಗೆ ಬಿಸಿಲು ಏರುವ ಮೊದಲು ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಅದಕ್ಕಿಂತ ಒಳ್ಳೆಯದು ರಾತ್ರಿ ಟಾರ್ಚು: ಕಲ್ಲಿಗೆ ಎದುರಾಗಿ ಹಿಡಿಯದೆ ಪಕ್ಕಕ್ಕೆ, ಮೇಲ್ಮೈಗೆ ತಾಗುವಂತೆ ಹಿಡಿದು ಎಡದಿಂದ, ಬಲದಿಂದ, ಮೇಲಿಂದ, ಕೆಳಗಿಂದ ಒಂದೊಂದು ಫೋಟೋ. ಒಂದರಲ್ಲಿ ಕಾಣದ ಗೀರು ಇನ್ನೊಂದರಲ್ಲಿ ಎದ್ದುಬರುತ್ತದೆ.

ಓದಿಸುವ ಮೊದಲು, ಅದು ಆಗಲೇ ಅಚ್ಚಾಗಿದೆಯೇ ನೋಡಿ. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಕಾಲದಿಂದ ಮೈಸೂರು ಸಂಸ್ಥಾನದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು, ನಂಬರುವಾರು ಬಂದಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಿದೆ. ಇಲ್ಲಿ ತೊಡಕು ಜಿಲ್ಲೆಗಳದ್ದು. ರೈಸ್ ಕಾಲದಲ್ಲಿ ಮಂಡ್ಯ ಜಿಲ್ಲೆ ಇರಲಿಲ್ಲ, ಅದು ಆದದ್ದು 1939ರಲ್ಲಿ. ಆದ್ದರಿಂದ ನಿಮ್ಮ ಕಲ್ಲನ್ನು ಹಳೆಯ ಮೈಸೂರು ಜಿಲ್ಲೆಯ ಮೂರು, ನಾಲ್ಕನೇ ಸಂಪುಟಗಳಲ್ಲಿ ಹುಡುಕಬೇಕು. ಹಾಗೇ ಚಿಕ್ಕಮಗಳೂರಿನವರು ಕಡೂರು ಜಿಲ್ಲೆಯ ಆರನೇ ಸಂಪುಟ, ದಾವಣಗೆರೆಯವರು ಚಿತ್ರದುರ್ಗದ ಹನ್ನೊಂದನೇ ಸಂಪುಟ, ಮಾಗಡಿ, ಕನಕಪುರದವರು ಬೆಂಗಳೂರಿನ ಒಂಬತ್ತನೇ ಸಂಪುಟ ನೋಡಬೇಕು. ಊರಿನ ಹೆಸರಿನ ಕಾಗುಣಿತ ಆಗ ಬೇರೆ ಇದ್ದಿರಬಹುದು. ಪಕ್ಕದ ಊರುಗಳ ಹೆಸರಿನಲ್ಲೂ ಹುಡುಕಿ.

ಅಚ್ಚಾಗಿರದಿದ್ದರೆ ಫೋಟೋಗಳನ್ನು ಪುರಾತತ್ವ ಇಲಾಖೆಗೋ ವಿಶ್ವವಿದ್ಯಾಲಯದ ಶಾಸನ ವಿಭಾಗಕ್ಕೋ ಕಳಿಸಿ. ಪಡಿಯಚ್ಚು ತೆಗೆಯುವುದು ಕೇಳಿದಷ್ಟು ಸುಲಭವಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಗಾಳಿ ಗುಳ್ಳೆ ಉಳಿಯದಂತೆ ಬ್ರಷ್ಷಿನಲ್ಲಿ ಬಡಿದು ಗೀರಿನೊಳಕ್ಕೆ ಇಳಿಸಬೇಕು. ಕಾಗದ ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ತಟ್ಟಬೇಕು. ಹಸಿ ಇದ್ದಾಗಲೇ ತಟ್ಟಿದರೆ ಮಸಿ ಇಂಗಿ ಅಕ್ಷರವೆಲ್ಲ ತುಂಬಿಹೋಗುತ್ತದೆ, ಕಲ್ಲಿಗೂ ಕಲೆ. ಕಲ್ಲನ್ನು ಕಿತ್ತು ಗುಡಿಯ ಮುಂದೆ ನೆಡುವ ಉತ್ಸಾಹವೂ ಬೇಡ. ಗಡಿಯನ್ನೋ ತೂಬನ್ನೋ ಹೇಳುವ ಕಲ್ಲು ಇದ್ದ ಜಾಗ ತಪ್ಪಿದರೆ ಅದು ಹೇಳುವ ಮಾತಿನಲ್ಲಿ ಅರ್ಧ ಹೋಗುತ್ತದೆ. ನಿಧಿ ಇದೆಯೆಂದು ಬುಡ ಅಗೆಯುವವರ ಕಣ್ಣಿಗೂ ಅದು ಬೇಗ ಬೀಳುತ್ತದೆ.

ಓದಿಸಿದ ಮೇಲೆ ರಾಜನ ಬಿರುದಾವಳಿಯಲ್ಲೇ ನಿಂತುಬಿಡಬೇಡಿ. ಒಕ್ಕಲಿನ ಸುದ್ದಿ ಇರುವುದು ಕೆಳಗಿನ ಸಾಲುಗಳಲ್ಲಿ. ಕೆರೆ ಕಟ್ಟಿಸಿದವರಿಗೋ ನೋಡಿಕೊಳ್ಳುವವರಿಗೋ ಬಿಟ್ಟ ಗದ್ದೆ ಇದ್ದರೆ ಬಿತ್ತುವಟ್ಟ, ದಶವಂದ, ಕೊಡಗಿ ಎಂಬ ಮಾತುಗಳು ಬರುತ್ತವೆ. ಅಳತೆ ಮತ್ತರು, ಕಮ್ಮ, ಖಂಡುಗ, ಕೊಳಗದಲ್ಲಿರುತ್ತದೆ. ಕೊನೆಯಲ್ಲಿ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆ ಎಂಬ ಶ್ಲೋಕ ಇದ್ದೇ ಇರುತ್ತದೆ ಎನ್ನಬಹುದು. ಅದು ಎಲ್ಲ ದಾನಶಾಸನಗಳಿಗೂ ಸಾಮಾನ್ಯವಾದ ಮಾತು, ನಿಮ್ಮೂರಿಗೆ ಮಾತ್ರ ಹಾಕಿದ ಶಾಪವಲ್ಲ.

ವರ್ಷ ಹೊಂದಿಸುವುದಕ್ಕೆ ಒಂದು ಲೆಕ್ಕ. ಶಕ ವರ್ಷಕ್ಕೆ 78 ಕೂಡಿದರೆ ಕ್ರಿಸ್ತಶಕ. ಸಂವತ್ಸರ ತಾಳೆ ನೋಡಲು ಶಕ ವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಿ, ಶೇಷವನ್ನು ಪ್ರಭವದಿಂದ ಎಣಿಸಿ. ಶಕ 1291 ಎಂದಿದ್ದರೆ 1303, 60ರಿಂದ ಭಾಗಿಸಿದರೆ ಶೇಷ 43, ನಲವತ್ತಮೂರನೆಯದು ಸೌಮ್ಯ. ಕಲ್ಲಿನಲ್ಲೂ ಸೌಮ್ಯ ಎಂದಿದ್ದರೆ ವರ್ಷ 1369, ಓದು ಸರಿ. ಒಂದು ವರ್ಷ ಹಿಂದೆ ಮುಂದೆ ಆದರೆ ಶಾಸನ ಗತ (ಮುಗಿದ) ವರ್ಷದ ಬದಲು ನಡೆಯುತ್ತಿರುವ ವರ್ಷವನ್ನು ಹೇಳಿರಬಹುದು. ಹತ್ತಾರು ವರ್ಷ ತಪ್ಪಿದರೆ ಅಂಕಿಯನ್ನು ತಪ್ಪಾಗಿ ಓದಿದ್ದಾರೆ ಎಂದೇ ಮೊದಲು ಅನುಮಾನಿಸಿ. ಶಕ ವರ್ಷವೇ ಇಲ್ಲದೆ ಬರೀ ಸಂವತ್ಸರವಿದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಆಗ ಲಿಪಿ ನೋಡಿ ಶತಮಾನ ಹೇಳಬಲ್ಲವರೇ ಬೇಕು.

ಪ್ರಶ್ನೆ: ಹಿಂದೆ ಶಾನುಭೋಗಿಕೆ ಮಾಡಿದ್ದವರ ಮನೆಯ ಅಟ್ಟದಲ್ಲಿ ಮಡಚಿದ ಕಪ್ಪು ಬಟ್ಟೆಯ ಪುಸ್ತಕ ಸಿಕ್ಕಿದೆ. ಅದರಲ್ಲಿ 'ಗದ್ದೆ ಖಂಡುಗ ಬೀಜವರಿ' ಎಂದೆಲ್ಲ ಇದೆ. ಅದು ಎಷ್ಟು ಎಕರೆ?
(ಹಾಸನ ಜಿಲ್ಲೆಯ ಓದುಗರು)

ಉತ್ತರ: ಮೊದಲು, ಅದನ್ನು ಒರೆಸಬೇಡಿ. ಅದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮೇಲೆ ಬಳಪದಲ್ಲಿ ಬರೆದಿರುತ್ತಾರೆ. ಒದ್ದೆ ಬಟ್ಟೆ ತಾಗಿದರೆ ಬರಹ ಸ್ಲೇಟಿನ ಬರಹದಂತೆ ಅಳಿದುಹೋಗುತ್ತದೆ. ಮೆತ್ತನೆಯ ಒಣ ಕುಂಚದಿಂದ ದೂಳು ತೆಗೆದು, ಮಡಿಕೆ ಒಂದೊಂದನ್ನೇ ಬಿಡಿಸಿ ಫೋಟೋ ತೆಗೆಯಿರಿ. ಅಂಟಿಕೊಂಡ ಮಡಿಕೆಯನ್ನು ಎಳೆಯಬೇಡಿ. ಅಂಟಿನ ವಾಸನೆಗೆ ಜಿರಲೆ, ಇಲಿ ಬರುತ್ತವೆ. ಅಟ್ಟದಿಂದ ಇಳಿಸಿ ಒಣ ಪೆಟ್ಟಿಗೆಯಲ್ಲಿಡಿ. ಕೆಲವು ಹಾಳೆ ಓದಲು ಬಾರದಿದ್ದರೆ ಅದು ಮೋಡಿ ಲಿಪಿ ಇರಬಹುದು.

ಬೀಜವರಿ ಎಂದರೆ ಅಷ್ಟು ಬೀಜ ಹಿಡಿಯುವ ನೆಲ. ಕೊಳಗ ಧಾನ್ಯ ಅಳೆಯುವ ಪಾತ್ರೆ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ರೈಸ್ ಗೆಜೆಟಿಯರಿನಲ್ಲಿ ಕೊಟ್ಟ ಲೆಕ್ಕದಂತೆ ಒಂದು ಖಂಡುಗ ತರಿ ಅಥವಾ ತೋಟ 10,000 ಚದರ ಗಜ, ಖುಷ್ಕಿಯಾದರೆ 64,000 ಚದರ ಗಜ. ಗುಂಟೆಗೆ 121 ಚದರ ಗಜ. ಅಂದರೆ ಖಂಡುಗ ಗದ್ದೆ ಎರಡು ಎಕರೆ ಎರಡೂವರೆ ಗುಂಟೆಯಷ್ಟು, ಖಂಡುಗ ಹೊಲ ಹದಿಮೂರು ಎಕರೆ ಒಂಬತ್ತು ಗುಂಟೆಯ ಹತ್ತಿರ. ಭತ್ತ ಒತ್ತಾಗಿ ಬೀಳುತ್ತದೆ. ರಾಗಿ ಒಂದು ಕೊಳಗ ಎಷ್ಟೋ ದೂರ ಹೋಗುತ್ತದೆ. ಇದು ಗೊತ್ತಿಲ್ಲದೆ ಹೊಲಕ್ಕೂ ಗದ್ದೆಗೂ ಒಂದೇ ಗುಣಕ ಹಾಕಿ ಊರಿನ ಸಾಗುವಳಿಯನ್ನು ಆರು ಪಾಲು ಹೆಚ್ಚು ಕಡಿಮೆ ಮಾಡಿದ ಸ್ಮರಣ ಸಂಚಿಕೆಗಳುಂಟು.

ಆದರೂ ಗೆಜೆಟಿಯರ್ ಲೆಕ್ಕವನ್ನು ಕಣ್ಣು ಮುಚ್ಚಿ ನಂಬುವುದು ಬೇಡ, ಕೊಳಗ ಸೀಮೆ ಸೀಮೆಗೆ ಬೇರೆ. ನಿಮ್ಮೂರಿನ ಗುಣಕವನ್ನು ನೀವೇ ತೆಗೆಯಬಹುದು. ಚಕ್ಕುಬಂದಿ ಬರೆದಿರುವ, ಈಗಲೂ ಗುರುತು ಸಿಗುವ ಮೂರು ನಾಲ್ಕು ಜಮೀನು ಆರಿಸಿ. ಪೂರ್ವಕ್ಕೆ ಕೋಡಿ ಹಳ್ಳ, ಪಶ್ಚಿಮಕ್ಕೆ ಬಸವಣ್ಣನ ಗುಡಿ ಮಾನ್ಯ ಎಂಬಂಥವು. ಅವುಗಳ ಸರ್ವೆ ನಂಬರು ಹುಡುಕಿ ಆಕಾರ್‌ಬಂದ್ ವಿಸ್ತೀರ್ಣವನ್ನು ಕೊಳಗದಿಂದ ಭಾಗಿಸಿ. ಮೂರರಲ್ಲೂ ಹತ್ತಿರ ಹತ್ತಿರದ ಅಂಕಿ ಬಂದರೆ ಅದೇ ನಿಮ್ಮೂರ ಕೊಳಗ.

ಹಣದ ಸಾಲುಗಳಲ್ಲಿ ಹಣ ಎಂಬುದು ಹಳೆಯ ನಾಣ್ಯದ ಹೆಸರು. ಅಡ್ಡ ಎಂದರೆ ಅರ್ಧ ಹಣ, ಹಾಗ ಕಾಲು, ಬೇಳೆ ಅರೆಕಾಲು, ವೀಸ ಹದಿನಾರನೇ ಒಂದು ಪಾಲು. ಕಂಠೀರಾಯಿ ಲೆಕ್ಕದಲ್ಲಿ ಹತ್ತು ಹಣಕ್ಕೆ ವರಹ. ಊರು ಜೋಡಿಯೋ (ಕಡಿಮೆ ಕಂದಾಯದ ಇನಾಮು) ಸರ್ವಮಾನ್ಯವೋ (ಕಂದಾಯವೇ ಇಲ್ಲದ ಇನಾಮು) ಆಗಿತ್ತೆಂದು ಕಡತ ಹೇಳಿದರೆ ಇನಾಮು ರದ್ದತಿಯ 1954, 1955ರ ಕಾಯ್ದೆಗಳ ಕಡತಗಳನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಇನಾಮು ಊರುಗಳಲ್ಲಿ ಅನೇಕವಕ್ಕೆ ಸರ್ವೆಯೇ ತಡವಾಗಿ ಆಯಿತು, ಹಾಗಾಗಿ ಹಳೆಯ ಟಿಪ್ಪಣಿ ಸಿಗದಿದ್ದರೆ ಅಚ್ಚರಿಯಿಲ್ಲ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ರದ್ದಾದದ್ದು 1961ರ ಕಾಯ್ದೆಯಿಂದ. ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಲೆಕ್ಕದ ಪುಸ್ತಕಗಳು ಸರ್ಕಾರಕ್ಕೆ ಹೋಗಬೇಕಿತ್ತು, ಒಂದಷ್ಟು ಅಟ್ಟದಲ್ಲೇ ಉಳಿದವು.

ಪ್ರಶ್ನೆ: ನಮ್ಮ ಕೇರಿಯ ಜಮೀನೆಲ್ಲ 'ಡಿಕ್ಲರೇಷನ್ ಹಾಕಿ ಬಂದದ್ದು' ಎನ್ನುತ್ತಾರೆ. ಅದರ ಹಿಂದಿನ ಗೇಣಿಯ ಕಾಲವನ್ನು ಬರೆಯಲು ದಾಖಲೆ ಎಲ್ಲಿದೆ?
(ಶಿವಮೊಗ್ಗ ಜಿಲ್ಲೆಯ ಓದುಗರು)

ಉತ್ತರ: ಗೇಣಿ ಬಹುಪಾಲು ಬಾಯಿಮಾತಿನದು. ಅದಕ್ಕೇ ದಾಖಲೆ ಕಡಿಮೆ, ಇದ್ದದ್ದು ಬೆಲೆಯುಳ್ಳದ್ದು. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಸರ್ಕಾರದ್ದಾಯಿತು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ (ಊರವರ ಬಾಯಲ್ಲಿ ಡಿಕ್ಲರೇಷನ್) ಹಾಕಿ ಭೂ ನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳಬೇಕಿತ್ತು. ಕೊನೆಯ ದಿನ ಮುಂದಕ್ಕೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಹಕ್ಕು ಸಿಕ್ಕವರಿಗೆ ಕೊಟ್ಟದ್ದು ಫಾರಂ 10.

ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಮಂಡಳಿಯ ಕಡತ ಕೇಳುವ ಮೊದಲು ಪಹಣಿಯ ಹತ್ತನೇ ಕಾಲಂ ನೋಡಿ. ಹಕ್ಕು ಹೇಗೆ ಬಂತು ಎಂಬುದಕ್ಕೆ ಮ್ಯುಟೇಷನ್ (ಹಕ್ಕು ಬದಲಾವಣೆ) ನಂಬರು ಅಲ್ಲಿರುತ್ತದೆ. ಆ ಮ್ಯುಟೇಷನ್‌ನಲ್ಲಿ ಮಂಡಳಿಯ ಆದೇಶದ ನಂಬರು, ತಾರೀಖು ಸಿಗುತ್ತದೆ. ಇದಿಲ್ಲದೆ 'ನಮ್ಮಜ್ಜನ ಫೈಲು' ಎಂದು ಕೇಳಿದರೆ ಯಾರೂ ಹುಡುಕಿಕೊಡುವುದಿಲ್ಲ. ಹೈಕೋರ್ಟಿಗೆ ಹೋಗಿ ಮರುವಿಚಾರಣೆಗೆ ಬಂದ ಕಡತದಲ್ಲಿ ಒಂದಕ್ಕಿಂತ ಹೆಚ್ಚು ಆದೇಶಗಳಿರುತ್ತವೆ. ಮೊದಲನೆಯದನ್ನೇ ಕೊನೆಯದೆಂದು ಬರೆದು ಬಿಡಬೇಡಿ. ಕಡತದಲ್ಲಿ ಓದಬೇಕಾದ್ದು ಆದೇಶಕ್ಕಿಂತ ಹೇಳಿಕೆಗಳನ್ನು. ಎಷ್ಟು ವರ್ಷದಿಂದ ಉಳುತ್ತಿದ್ದರು, ಗೇಣಿ ಎಷ್ಟು ಖಂಡುಗ, ಬೀಜ ಯಾರದು, ರಸೀದಿ ಕೊಡುತ್ತಿದ್ದರೋ ಇಲ್ಲವೋ ಎಂಬುದೆಲ್ಲ ಉತ್ತವರ ಬಾಯಲ್ಲೇ ಬಂದಿರುತ್ತದೆ.

ಕೈಬರಹದ ಹಳೆಯ ಪಹಣಿಗಳಲ್ಲಿ ಒಂಬತ್ತನೇ ಕಾಲಂ ಖಾತೆದಾರರದು, ಹನ್ನೆರಡನೆಯದು ಸಾಗುವಳಿ ಮಾಡಿದವರದು. ಎರಡೂ ಬೇರೆ ಇದ್ದರೆ ಗೇಣಿಯ ಸುಳಿವು. 1965ರಿಂದ 1974ರವರೆಗಿನ ಹಾಳೆಗಳನ್ನು ವರ್ಷ ವರ್ಷ ನೋಡಿ. ಇದ್ದ ಹೆಸರು ಏಕಾಏಕಿ ಮಾಯವಾಗಿ 'ಖುದ್ದು' ಎಂದು ಬಂದಿದ್ದರೆ, ಕಾಯ್ದೆ ಬರುವ ಮೊದಲೇ ಬಿಡಿಸಿರುವ ಸಾಧ್ಯತೆಯಿದೆ. ಊರಿನಲ್ಲಿ ವಿಚಾರಿಸದೆ ಹಾಗೆಂದು ಬರೆಯಬೇಡಿ, ಸುಮ್ಮನೆ ಲೆಕ್ಕ ತಪ್ಪಿಯೂ ಇರಬಹುದು. ಗಂಡ ಸತ್ತ ಮೇಲೆ ಉತ್ತು ಬಿತ್ತಿ ಸಂಸಾರ ನಡೆಸಿದ ಹೆಂಗಸರ ಹೆಸರು ಈ ಕಾಲಂಗಳಲ್ಲಿ ಬಹಳ ಸಲ ಬರುವುದೇ ಇಲ್ಲ. ಅವರನ್ನು ಕೇಳಿಯೇ ಬರೆಯಬೇಕು.

ನಿಮ್ಮ ಜಿಲ್ಲೆಯವರಿಗೆ ಕಾಗೋಡು ಹೇಳಿಕೊಡಬೇಕಾಗಿಲ್ಲ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಆ ಊರಿನಲ್ಲಿ ದೀವರ ಸಮುದಾಯದ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದ್ದರು. ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿ ಜಗಳ ಹತ್ತಿದ್ದರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಪಾತ್ರ ದೊಡ್ಡದು. ನಿಮ್ಮೂರಲ್ಲೂ ಹಳೆಯ ಕೊಳಗ ಯಾರ ಮನೆಯಲ್ಲಾದರೂ ಇದ್ದರೆ ಭತ್ತ ತುಂಬಿಸಿ, ತಲೆ ಸವರಿ, ತಕ್ಕಡಿಗೆ ಹಾಕಿ ತೂಕ ಬರೆದುಕೊಳ್ಳಿ. ರಾಶಿ ಏರಿಸಿ ಅಳೆಯುತ್ತಿದ್ದರೋ ಸವರಿ ಅಳೆಯುತ್ತಿದ್ದರೋ ಕೇಳಿ, ಎರಡೂ ರೀತಿಯಲ್ಲಿ ತೂಗಿ. ಗೇಣಿಗೊಂದು, ಕೂಲಿಗೊಂದು ಕೊಳಗ ಇತ್ತೇ ಎಂದೂ ಕೇಳಿ. ಆ ವ್ಯತ್ಯಾಸವನ್ನು ವರ್ಷದ ಗೇಣಿಯಿಂದ ಗುಣಿಸಿದರೆ ಎಷ್ಟು ಭತ್ತ ಕೈ ತಪ್ಪಿತೆಂಬುದು ಅಂಕಿಯಲ್ಲೇ ಬರುತ್ತದೆ.

ಪ್ರಶ್ನೆ: ನಮ್ಮೂರ ಪಕ್ಕ 'ಹಾಳೂರು' ಇದೆ. ಪ್ಲೇಗಿಗೆ ಊರು ಬಿಟ್ಟರು ಎಂದು ಒಬ್ಬರು, ಬರಕ್ಕೆ ಎಂದು ಇನ್ನೊಬ್ಬರು. ತೀರ್ಮಾನ ಹೇಗೆ?
(ಕೋಲಾರ ಜಿಲ್ಲೆಯ ಓದುಗರು)

ಉತ್ತರ: ಕಾಲದಿಂದ ಶುರು ಮಾಡಿ. ದೊಡ್ಡ ಬರ ಧಾತು, ಈಶ್ವರ ಸಂವತ್ಸರಗಳದ್ದು, 1876ರಿಂದ 78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ಕ್ಕೆ 41,86,188ಕ್ಕೆ ಇಳಿಯಿತು. ಪ್ಲೇಗು ಸಂಸ್ಥಾನಕ್ಕೆ ಬಂದದ್ದು 1898ರಲ್ಲಿ. ನಡುವೆ ಇಪ್ಪತ್ತು ವರ್ಷವಿದೆ. ಸರ್ವೆ ಆಗುವ ಹೊತ್ತಿಗೇ ಊರು ಹಾಳಾಗಿದ್ದರೆ ದಾಖಲೆಯಲ್ಲಿ ಅದು ಬೇಚರಾಕ್ ಗ್ರಾಮ. ನಕ್ಷೆಯಲ್ಲಿ ಗ್ರಾಮಠಾಣ (ಮನೆಗಳಿದ್ದ ಜಾಗ) ತೋರಿಸಿದ್ದು ಈಗ ಹೊಲವಾಗಿದ್ದರೆ ಸರ್ವೆಯ ನಂತರ ಬಿಟ್ಟದ್ದು. ನಿಮ್ಮ ಹೋಬಳಿಯ ಸರ್ವೆ ಯಾವ ವರ್ಷ ಆಯಿತೆಂಬುದು ಇಲ್ಲಿ ನಿರ್ಣಾಯಕ, ಅದನ್ನು ಭೂಮಾಪನ ಕಚೇರಿಯಲ್ಲಿ ಕೇಳಿ.

ಬರದಲ್ಲಿ ಜನ ಚದುರಿಹೋಗುತ್ತಾರೆ. ಪ್ಲೇಗಿನಲ್ಲಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತಾರೆ. ಹೊಸ ಊರು ಒಂದೆರಡು ಫರ್ಲಾಂಗಿನಲ್ಲಿದ್ದು, ಅದೇ ಕುಲಗಳೇ ಇದ್ದು, ಬೀದಿಗಳು ನೆಟ್ಟಗಿದ್ದರೆ, ಪ್ಲೇಗಮ್ಮನ ಗುಡಿಯೂ ಇದ್ದರೆ ಪ್ಲೇಗಿನ ಕಡೆಗೆ ತಕ್ಕಡಿ ವಾಲುತ್ತದೆ. ಹಾಳೂರಿನ ಮಾರಮ್ಮನಿಗೋ ಬಸವಣ್ಣನಿಗೋ ವರ್ಷಕ್ಕೊಮ್ಮೆ ಹೋಗಿ ಪೂಜೆ ಮಾಡುವ ಮನೆತನಗಳು ಯಾವುವು, ಯಾವ ಯಾವ ಊರಿನಿಂದ ಬರುತ್ತಾರೆ ಎಂದು ಪಟ್ಟಿ ಮಾಡಿ. ಜನ ಎಲ್ಲೆಲ್ಲಿಗೆ ಹೋದರೆಂಬ ನಕ್ಷೆ ಅದರಲ್ಲೇ ಇದೆ. ಮೂರನೇ ಕಾರಣವನ್ನೂ ಮರೆಯಬೇಡಿ. ಏರಿ ಒಡೆದು ಕೆರೆ ಬತ್ತಿದರೂ ಊರು ಏಳುತ್ತದೆ. ಮಡಕೆ ಚೂರು ಕಂಡರೆ ಫೋಟೋ ತೆಗೆದು ಅಲ್ಲೇ ಬಿಡಿ, ಅಗೆಯಬೇಡಿ. ಊರುವಾರು ಜನಸಂಖ್ಯೆ ಬೇಕಿದ್ದರೆ 1951ರಿಂದೀಚಿನ ಜಿಲ್ಲಾ ಜನಗಣತಿ ಕೈಪಿಡಿಗಳಿವೆ.

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆ ಬರುವ ಮೊದಲು ನಮ್ಮೂರು ಹೇಗಿತ್ತೆಂದು ತಿಳಿಯುವುದು ಹೇಗೆ?
(ಮದ್ದೂರು ತಾಲ್ಲೂಕಿನ ಓದುಗರು)

ಉತ್ತರ: ಮೊದಲ ಸರ್ವೆಯ ಆಕಾರ್‌ಬಂದ್‌ನಲ್ಲಿ ಖುಷ್ಕಿ ಎಂದಿದ್ದು ಈಗ ತರಿಯಾಗಿರುವ ನಂಬರುಗಳನ್ನು ಪಟ್ಟಿ ಮಾಡಿದರೆ ನಾಲೆ ತಂದ ಬದಲಾವಣೆ ಎಕರೆ ಲೆಕ್ಕದಲ್ಲಿ ಸಿಗುತ್ತದೆ. ಕನ್ನಂಬಾಡಿ ಕೆಲಸ ಶುರುವಾದದ್ದು 1911ರಲ್ಲಿ. ನಾಲೆಯ ನೀರು, ಮಂಡ್ಯದ ಸಕ್ಕರೆ ಕಾರ್ಖಾನೆ ಎರಡೂ 1930ರ ದಶಕದವು. ಆದ್ದರಿಂದ ಕಬ್ಬಿಗಿಂತ ಹಿಂದಿನ ಸಂಗತಿ ನೆನಪಿನಲ್ಲಿ ಸಿಗುವುದು ಈಗ ಕಷ್ಟ, ಕೇಳಿಸಿಕೊಂಡವರು ಹೇಳಬಹುದು ಅಷ್ಟೆ. ನೀರು ಸಿಕ್ಕ ಊರನ್ನಷ್ಟೇ ಬರೆಯದೆ ನಾಲೆಗಿಂತ ಎತ್ತರದಲ್ಲಿದ್ದು ನೀರು ಸಿಗದ ಪಕ್ಕದ ಊರನ್ನೂ ಇಟ್ಟು ನೋಡಿ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ನಿಮ್ಮ ಸೀಮೆಯಲ್ಲೇ ಅಂಥ ಎರಡು ಊರುಗಳನ್ನು ಹೋಲಿಸಿ ಅಧ್ಯಯನ ಮಾಡಿದ್ದರು. ನೀರು ಸಿಕ್ಕ ಊರಿನವರು ಬೇಸಾಯದಲ್ಲೇ ಉಳಿದರು, ಸಿಗದ ಊರಿನವರು ಹೊರಗಿನ ಕಸುಬು, ನೌಕರಿ, ವ್ಯಾಪಾರಕ್ಕೆ ಕೈ ಹಾಕಿದರು ಎಂಬುದು ಅವರು ಕಂಡದ್ದು. ಆ ಹೋಲಿಕೆ ನಿಮ್ಮಲ್ಲಿ ನಿಲ್ಲುತ್ತದೋ ಇಲ್ಲವೋ ಪರೀಕ್ಷಿಸಿ. ನಿಲ್ಲದಿದ್ದರೆ ಬರೆಯುವುದಕ್ಕೆ ಇನ್ನೂ ಹೆಚ್ಚು ಸಿಗುತ್ತದೆ.

ಪ್ರಶ್ನೆ: ಪಹಣಿಯಲ್ಲಿ ಸಿಕ್ಕ ಹೆಸರುಗಳನ್ನೆಲ್ಲ ಪುಸ್ತಕದಲ್ಲಿ ಅಚ್ಚು ಹಾಕಬಹುದೇ?
(ಚಿತ್ರದುರ್ಗ ಜಿಲ್ಲೆಯ ಓದುಗರು)

ಉತ್ತರ: ಬದುಕಿರುವವರ ಹೆಸರು, ಸರ್ವೆ ನಂಬರು, ಸಾಲದ ಋಣಭಾರ ಒಟ್ಟಿಗೆ ಅಚ್ಚಾಗುವುದು ಬೇಡ. ಕೋರ್ಟಿನಲ್ಲಿರುವ ಜಮೀನಿನ ಸುದ್ದಿಯೇ ಬೇಡ. ಇಲ್ಲವಾದರೆ ಪುಸ್ತಕ ಬಿಡುಗಡೆಯ ದಿನವೇ ನಿಮ್ಮ ಪುಟ ಯಾರದೋ ವಕೀಲರ ಫೈಲಿಗೆ ಸೇರುತ್ತದೆ. ಎರಡು ಮೂರು ತಲೆಮಾರು ಹಿಂದಿನ ಹೆಸರುಗಳನ್ನು ಆ ಮನೆಯವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ಹಾಕಿ. ಗೇಣಿ, ಜೀತದ ಸಂಗತಿಗಳನ್ನು ಕೇರಿಯ ಲೆಕ್ಕದಲ್ಲಿ ಬರೆಯಿರಿ, ಮುಚ್ಚಿಡಬೇಡಿ. ಹೆಸರು ಸಮೇತದ ಪೂರ್ಣ ಪಟ್ಟಿ, ಬಣ್ಣ ತುಂಬಿದ ನಕ್ಷೆ, ಕಡತದ ಫೋಟೋಗಳ ಒಂದು ಪ್ರತಿಯನ್ನು ಶಾಲೆಯ ಬೀರುವಿನಲ್ಲೂ ಇನ್ನೊಂದನ್ನು ಬೇರೆ ಮನೆಯಲ್ಲೂ ಇಡಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಕಾಗದದ ಮೇಲೂ ಇರಲಿ.